ಮಾರ್ಚಿನಲ್ಲಿ ಕೆರೆ, ಜುಲೈಯಲ್ಲಿ ಬಯಲು: ಜೆಪ್ಸನ್ ಪ್ರೇರಿಯ ಸ್ವಯಂಸೇವಕ ನಡಿಗೆಯ ಕುರಿತು

ಸ್ಯಾಕ್ರಮೆಂಟೊ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳಲ್ಲಿ ಮಾರ್ಚ್ ಎಂದರೆ ಊರಿನಿಂದ ಅಪ್ಪ, ಅಮ್ಮ ಬಂದಿಳಿಯುವ ತಿಂಗಳು. ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಪ್ರಶ್ನೆಗೆ ಎಲ್ಲ ಮನೆಗಳಲ್ಲೂ ಸಿದ್ಧವಾಗಿರುವ ಉತ್ತರ ಹೆಚ್ಚುಕಡಿಮೆ ಒಂದೇ: ಲಿವರ್ಮೋರ್‌ನ ದೇವಸ್ಥಾನ, ಗೋಲ್ಡನ್ ಗೇಟ್ ಸೇತುವೆ, ತಾಹೋ ಸರೋವರ, ಮೈಯಲ್ಲಿ ಕಸುವಿದ್ದರೆ ಯೊಸೆಮಿಟಿ. ಈ ಪಟ್ಟಿಗೆ ಇನ್ನೊಂದು ಸ್ಥಳವನ್ನು ಸೇರಿಸಬಹುದು ಎಂಬ ಅಭಿಪ್ರಾಯದಿಂದ, ಈ ವರ್ಷ ಅಮ್ಮನೊಂದಿಗೆ ಎರಡು ಬಾರಿ ಹೋಗಿಬಂದ ಒಂದು ನಡಿಗೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದು ಸೊಲಾನೊ ಕೌಂಟಿಯ ಜೆಪ್ಸನ್ ಪ್ರೇರಿ ಎಂಬ ಸಂರಕ್ಷಿತ ಹುಲ್ಲುಗಾವಲಿನಲ್ಲಿ ವಸಂತಕಾಲದ ವಾರಾಂತ್ಯಗಳಲ್ಲಿ ಸ್ವಯಂಸೇವಕರು ನಡೆಸಿಕೊಡುವ ನಡಿಗೆ. ಇಲ್ಲಿ ಜಲಪಾತವಿಲ್ಲ, ಬೆಟ್ಟವಿಲ್ಲ, ಎತ್ತರದ ಮರಗಳೂ ಬಾಗಿಲಿನ ಬಳಿಯ ನೀಲಗಿರಿ ತೋಪನ್ನು ಬಿಟ್ಟರೆ ಇಲ್ಲ. ನೋಡಲು ಇರುವುದು ನಾಲ್ಕೈದು ತಿಂಗಳು ಮಾತ್ರ ನೀರು ನಿಲ್ಲುವ ತಗ್ಗುಗಳು.

ಈ ತಗ್ಗುಗಳಿಗೆ ಇಲ್ಲಿಯ ಹೆಸರು ವರ್ನಲ್ ಪೂಲ್. ನಾನು ಮಳೆಹೊಂಡ ಎಂದೇ ಬರೆಯುತ್ತೇನೆ. ಕ್ಯಾಲಿಫೋರ್ನಿಯಾದ ನಡು ಕಣಿವೆಯಲ್ಲಿ ಮಳೆಯೆಲ್ಲ ನವೆಂಬರಿನಿಂದ ಏಪ್ರಿಲ್ ನಡುವೆ ಬಿದ್ದು ಮುಗಿಯುತ್ತದೆ, ಬೇಸಿಗೆಯಲ್ಲಿ ಒಂದು ಹನಿಯೂ ಇರುವುದಿಲ್ಲ. ನೆಲದಡಿಯಲ್ಲಿ ಗಟ್ಟಿ ಜೇಡಿಯ ಪದರವೋ ಸಿಮೆಂಟಿನಂತೆ ಬಿಗಿದುಕೊಂಡ ಪದರವೋ ಇರುವ ಕಡೆ ಚಳಿಗಾಲದ ನೀರು ಕೆಳಗಿಳಿಯಲಾರದೆ ತಗ್ಗಿನಲ್ಲಿಯೇ ನಿಂತು, ವಸಂತದಲ್ಲಿ ಬಿಸಿಲಿಗೆ ಆರುತ್ತಾ ಹೋಗಿ, ಜೂನ್ ವೇಳೆಗೆ ಬಿರುಕು ಬಿಟ್ಟ ಮಣ್ಣಷ್ಟೇ ಉಳಿಯುತ್ತದೆ. ಮೀನು ಬದುಕಲಾರದ ಈ ನೀರಿನಲ್ಲಿ, ಮೀನಿಲ್ಲ ಎಂಬ ಕಾರಣಕ್ಕೇ ಬದುಕುವ ಜೀವಿಗಳಿವೆ. ವರ್ಷವಿಡೀ ನೀರಿದ್ದರೂ ಬದುಕದ, ನೀರೇ ಇಲ್ಲದಿದ್ದರೂ ಬದುಕದ ಗಿಡಗಳಿವೆ. ಒಮ್ಮೆ ಕಣಿವೆಯ ತುಂಬ ಹರಡಿದ್ದ ಇಂತಹ ಹೊಂಡಗಳಲ್ಲಿ ಶೇಕಡ 90ರಷ್ಟು ಹೊಲ, ರಸ್ತೆ, ಬಡಾವಣೆಗಳಡಿ ಹೋಗಿವೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಉಳಿದವುಗಳಲ್ಲಿ ಹೆಸರಾಂತ ತಾಣ ಜೆಪ್ಸನ್ ಪ್ರೇರಿ.

ಮೊದಲು ನನಗಾದ ನಿರಾಸೆಯೊಂದನ್ನು ಹೇಳಿಬಿಡಬೇಕು, ಏಕೆಂದರೆ ಒಳ್ಳೆಯ ನಡಿಗೆ ಯಾವುದೆಂದು ಅಳೆಯಲು ನನಗೆ ಮಾನದಂಡ ಸಿಕ್ಕಿದ್ದು ಅಲ್ಲಿಂದಲೇ. ಕಳೆದ ವರ್ಷ ಬೇರೊಂದು ಕಡೆ, ಹೆಸರು ಹೇಳುವುದು ಬೇಡ, ಹೊಸ ಬಡಾವಣೆಯ ಬೆನ್ನಿಗೆ ಉಳಿದುಕೊಂಡಿದ್ದ ಕೆಲವು ಮಳೆಹೊಂಡಗಳನ್ನು ತೋರಿಸುವ ಇಂಥದೇ ಒಂದು ನಡಿಗೆಗೆ ಮಕ್ಕಳೊಂದಿಗೆ ಹೋಗಿದ್ದೆವು. ನಲವತ್ತು ಜನರಿಗೆ ಒಬ್ಬರೇ ಮಾರ್ಗದರ್ಶಿ. ವಾಹನ ನಿಲ್ಲಿಸುವ ಜಾಗದಲ್ಲಿಯೇ ಅರ್ಧ ಗಂಟೆಗೂ ಮೀರಿ ಭಾಷಣವಾಯಿತು, ಲ್ಯಾಟಿನ್ ಹೆಸರುಗಳ ಮಳೆಯೇ ಸುರಿಯಿತು, ಹೊಂಡದ ಬಳಿ ತಲುಪುವಷ್ಟರಲ್ಲಿ ಮಕ್ಕಳು ಹಸಿದಿದ್ದರು. ಅಲ್ಲಿಯೂ ಹಿಂದೆ ನಿಂತವರಿಗೆ ಮುಂದೆ ನಿಂತವರ ಬೆನ್ನಷ್ಟೇ ಕಂಡಿತು. ಹೂವಿನ ಫೋಟೋ ತೆಗೆಯುವ ಭರದಲ್ಲಿ ಜನ ಹೊಂಡದ ಅಂಚನ್ನು ತುಳಿದುಕೊಂಡು ಒಳಗಿಳಿದರು, ಯಾರೂ ತಡೆಯಲಿಲ್ಲ. ಆ ಮಾರ್ಗದರ್ಶಿಗೆ ವಿಷಯ ಗೊತ್ತಿರಲಿಲ್ಲವೆಂದಲ್ಲ, ಬಹಳ ಗೊತ್ತಿತ್ತು. ಆದರೆ ತಿಳಿದವರೆಲ್ಲರಿಗೂ ತೋರಿಸಲು ಬರುವುದಿಲ್ಲ. ಮನೆಗೆ ಬಂದ ಮೇಲೆ ಮಗಳು ಹೇಳಿದ ಒಂದೇ ಮಾತು, ‘ಅಲ್ಲಿ ಏನೂ ಇರಲಿಲ್ಲ ಅಪ್ಪ’ ಎಂಬುದು.

ಆದ್ದರಿಂದ ಈ ಬಾರಿ ಜೆಪ್ಸನ್ ಪ್ರೇರಿಗೆ ಹೊರಟಾಗ ನಿರೀಕ್ಷೆ ಕಡಿಮೆಯಿತ್ತು. ಮಾರ್ಚ್ ಕೊನೆಯ ಭಾನುವಾರ. ಡಿಕ್ಸನ್ ಊರನ್ನು ದಾಟಿ 113ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಎರಡೂ ಕಡೆ ಬೇಲಿ, ಹುಲ್ಲು, ಕುರಿಮಂದೆ, ದೂರದ ಮೊಂಟೆಜುಮಾ ಗುಡ್ಡಗಳ ಮೇಲೆ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳು. ಕುಕ್ ಲೇನ್ ಎಂಬ ಮಣ್ಣು ರಸ್ತೆಗೆ ಹೊರಳಿದ ಮೇಲೆ ಅಮ್ಮ ಎರಡು ಬಾರಿ, ‘ದಾರಿ ತಪ್ಪಲಿಲ್ಲ ಅಲ್ಲವಾ ಮಗಾ?’ ಎಂದು ಕೇಳಿದರು. ತಪ್ಪಿರಲಿಲ್ಲ. ಈ ಜಾಗದ ಒಟ್ಟು ವಿಸ್ತೀರ್ಣ 1,566 ಎಕರೆ. ಪಕ್ಕದ ವ್ಯಾಕವಿಲ್‌ನಲ್ಲಿ 1867ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ವಿಲಿಸ್ ಲಿನ್ ಜೆಪ್ಸನ್ ಅವರ ಹೆಸರನ್ನು ಇದಕ್ಕಿಟ್ಟಿದ್ದಾರೆ. 1980ರಲ್ಲಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಈ ನೆಲವನ್ನು ಕೊಂಡು ಉಳಿಸಿತು, 1987ರಲ್ಲಿ ಇದು ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತು ಎಂಬ ಮಾನ್ಯತೆ ಪಡೆಯಿತು. ಈಗ ಒಡೆತನ ಸೊಲಾನೊ ಲ್ಯಾಂಡ್ ಟ್ರಸ್ಟ್‌ನದು, ಸಂಶೋಧನೆಯ ಪಾಲುದಾರಿಕೆ ಡೇವಿಸ್‌ನ ವಿಶ್ವವಿದ್ಯಾಲಯದ್ದು. ನಾವು ಹೋದಾಗ ಟಿಕೆಟ್ ಇರಲಿಲ್ಲ, ಕೊಡಬೇಕೆನ್ನಿಸಿದವರು ದೇಣಿಗೆ ಕೊಡಬಹುದಿತ್ತು.

ಇಲ್ಲಿ ನಡಿಗೆ ನಡೆಸುವ ಸ್ವಯಂಸೇವಕರನ್ನು ಡೋಸೆಂಟ್ ಎನ್ನುತ್ತಾರೆ. ಇವರಿಗೆ ಸಂಬಳವಿಲ್ಲ. ಋತು ಆರಂಭವಾಗುವ ಮೊದಲೇ ಪಾಠ, ಕ್ಷೇತ್ರಭೇಟಿಗಳ ಮೂಲಕ ತರಬೇತಿ ಪಡೆದು ಬಂದವರು. ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ, ಮುಂದೆ ಒಬ್ಬರು, ಹಿಂದೆ ಒಬ್ಬರು ಡೋಸೆಂಟ್. ಮುಂದಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಸ್ವಾಗತ, ಸುರಕ್ಷತೆಯ ಸೂಚನೆ, ದಾರಿ ಬಿಟ್ಟು ಕಾಲಿಡಬಾರದೆಂಬ ಎಚ್ಚರಿಕೆ, ಇಷ್ಟೂ ಸೇರಿ ನಾಲ್ಕು ನಿಮಿಷದಲ್ಲಿ ಮುಗಿದವು. ಆಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ನಮ್ಮೆಲ್ಲರನ್ನೂ ಕುಕ್ಕರಗಾಲಿನಲ್ಲಿ ಕೂರಿಸಿದ್ದು. ಮಂಡಿನೋವಿನವರಿಗಾಗಿ ಅವರ ಹೆಗಲಲ್ಲಿ ಒಂದು ಮಡಚುವ ಸ್ಟೂಲ್ ಇತ್ತು, ಅಮ್ಮನಿಗೆ ಅದನ್ನು ಬಿಚ್ಚಿ ಕೊಟ್ಟರು. ನಿಂತು ನೋಡಿದಾಗ ಬರೀ ಹಳದಿ ಛಾಯೆಯಾಗಿದ್ದ ನೆಲ, ಕುಳಿತು ನೋಡಿದಾಗ ಗೋಲ್ಡ್‌ಫೀಲ್ಡ್ಸ್ ಎಂಬ ಬೆರಳುದ್ದದ ಗಿಡಗಳ ಸಾವಿರಾರು ಹೂಗಳಾಗಿ ಬಿಡಿಬಿಡಿಯಾಯಿತು. ಒಂದೊಂದು ಹೂವೂ ಅಂಗಿಯ ಗುಂಡಿಗಿಂತ ದೊಡ್ಡದಲ್ಲ. ಅಲ್ಲಿ ಒಂದು ಸಣ್ಣ ಜೇನ್ನೊಣದಂತಹ ಹುಳು ಬಂದು ಕುಳಿತಿತು. ಅದು ಆಂಡ್ರೀನಾ ಕುಲದ ಒಂಟಿ ಜೇನ್ನೊಣ, ಗುಂಪಾಗಿ ಗೂಡು ಕಟ್ಟುವ ಜೇನಲ್ಲ, ಹೊಂಡದ ಸುತ್ತಲಿನ ಎತ್ತರದ ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಇವುಗಳಲ್ಲಿ ಕೆಲವು ಇದೇ ಗಿಡದ ಪರಾಗವನ್ನಲ್ಲದೆ ಬೇರೆಯದನ್ನು ಮರಿಗಳಿಗೆ ಉಣಿಸುವುದಿಲ್ಲ. ಹೊಂಡವನ್ನಷ್ಟೇ ಬೇಲಿ ಹಾಕಿ ಉಳಿಸಿ ಸುತ್ತಲಿನ ನೆಲವನ್ನು ಕಟ್ಟಡಕ್ಕೆ ಬಿಟ್ಟರೆ ಹೂವೂ ಉಳಿಯುವುದಿಲ್ಲ ಎಂಬುದನ್ನು ಆ ಶಿಕ್ಷಕಿ ಆ ನೊಣದ ಬಿಲವನ್ನು ಕಡ್ಡಿಯ ತುದಿಯಿಂದ ತೋರಿಸುತ್ತಾ ವಿವರಿಸಿದರು.

ಅಲ್ಲಿಂದ ಮುಂದೆ ಓಲ್ಕಾಟ್ ಲೇಕ್ ಎಂಬ ದೊಡ್ಡ ಮಳೆಹೊಂಡ. ಸುಮಾರು 90 ಎಕರೆಯ ಈ ಕೆರೆಯ ನೀರು ಹಾಲು ಹೆಚ್ಚಾದ ಚಹಾದಂತೆ ಕದಡಿಕೊಂಡೇ ಇರುತ್ತದೆ, ಏಕೆಂದರೆ ತಳದ ಜೇಡಿಯ ಅತಿ ಸಣ್ಣ ಕಣಗಳು ಗಾಳಿಗೆ ಕಲಕಿ ಕೆಳಗೆ ಕೂರುವುದೇ ಇಲ್ಲ. ಕೈಯನ್ನು ಗೇಣುದ್ದ ಮುಳುಗಿಸಿದರೆ ಬೆರಳು ಕಾಣದು. ಇಂತಹ ನೀರಿನಲ್ಲಿರುವುದನ್ನು ತೋರಿಸುವುದು ಹೇಗೆ? ಅನುಮತಿ ಪಡೆದವರು ಮೊದಲೇ ತೆಗೆದಿಟ್ಟಿದ್ದ ಬೊಗಸೆಯಷ್ಟು ನೀರನ್ನು ಒಂದು ಬಿಳಿಯ ತಟ್ಟೆಗೆ ಸುರಿದರು, ಎಲ್ಲರೂ ಸುತ್ತ ಬಗ್ಗಿದೆವು. ಮೊದಲು ಏನೂ ಇಲ್ಲ. ಆಮೇಲೆ ತಟ್ಟೆಯ ಬಿಳುಪಿನ ಮೇಲೆ ಒಂದು ನೆರಳು ಚಲಿಸಿತು, ನೆರಳಿನ ಮೇಲೆ ಗಾಜಿನಂತಹ ಒಂದು ದೇಹ. ಇಂಚಿಗೂ ಕಡಿಮೆ ಉದ್ದ, ಬೆನ್ನು ಕೆಳಗೆ, ಕಾಲು ಮೇಲೆ, ಹನ್ನೊಂದು ಜೊತೆ ಕಾಲುಗಳು ಅಲೆಯಂತೆ ಹಿಂದಿನಿಂದ ಮುಂದಕ್ಕೆ ಬಡಿಯುತ್ತಿದ್ದವು. ಇದೇ ಫೇರಿ ಶ್ರಿಂಪ್. ನಾನು ಅಮ್ಮನಿಗೆ ಸಿಗಡಿಯ ಜಾತಿ, ನಮ್ಮ ಕಡೆಯ ಎಟ್ಟಿ, ಎಂದು ಅನುವಾದಿಸಿ ಹೇಳಿದೆ. ಅಮ್ಮ ಸ್ಟೂಲಿನಿಂದ ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿ, ‘ಇದು ಎಟ್ಟಿ ಅಲ್ಲ ಮಗಾ, ಎಟ್ಟಿ ಹೀಗೆ ಅಂಗಾತ ಈಜುವುದಿಲ್ಲ’ ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಶಿಕ್ಷಕಿ ಚಪ್ಪಾಳೆ ತಟ್ಟಿದರು. ಆ ದಿನ ಗುಂಪಿನಲ್ಲಿ ಯಾರಾದರೂ ಹೇಳಬಹುದೆಂದು ಅವರು ಕಾಯುತ್ತಿದ್ದ ಮಾತು ಅದೇ ಆಗಿತ್ತಂತೆ. ಹೆಸರಿನಲ್ಲಿ ಶ್ರಿಂಪ್ ಇದ್ದರೂ ಇದು ತಿನ್ನುವ ಸಿಗಡಿಗೆ ಬಹಳ ದೂರದ ನೆಂಟ.

ಓಲ್ಕಾಟ್ ಲೇಕಿನ ಈ ಜಾತಿಯನ್ನು ವಿಜ್ಞಾನಿಗಳು ವಿವರಿಸಿ ಹೆಸರಿಟ್ಟಿದ್ದು 1990ರಲ್ಲಿ, ಮತ್ತು ಹೆಸರಿಟ್ಟಿದ್ದು ಈ ನೆಲವನ್ನು ಕೊಂಡು ಉಳಿಸಿದ ಸಂಸ್ಥೆಯ ಗೌರವಾರ್ಥ: ಕನ್ಸರ್ವೆನ್ಸಿ ಫೇರಿ ಶ್ರಿಂಪ್. 1994ರಲ್ಲಿ ಇದು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಕೆರೆ ಒಣಗುವ ಮುನ್ನ ಇವು ಇಟ್ಟ ಮೊಟ್ಟೆಗಳು ಗಟ್ಟಿ ಚಿಪ್ಪಿನೊಳಗೆ ಮಣ್ಣಿನಲ್ಲಿ ಉಳಿದು, ಬೇಸಿಗೆಯ ಸುಡುಬಿಸಿಲನ್ನು ಕಳೆದು, ಮಳೆ ಬಂದಾಗ ಒಡೆಯುತ್ತವೆ. ಎಲ್ಲವೂ ಒಂದೇ ವರ್ಷ ಒಡೆಯುವುದಿಲ್ಲ, ಒಂದಷ್ಟು ಮುಂದಿನ ವರ್ಷಗಳಿಗೆ ಉಳಿದುಕೊಳ್ಳುತ್ತವೆ. ನಮ್ಮ ರೈತರು ಬೀಜವನ್ನೆಲ್ಲ ಒಂದೇ ಮಳೆಗೆ ಬಿತ್ತದೆ ಮನೆಯಲ್ಲಿ ಸ್ವಲ್ಪ ಇಟ್ಟುಕೊಳ್ಳುವ ಹಾಗೆ ಎಂದು ನಾನು ಅಮ್ಮನಿಗೆ ವಿವರಿಸಿದೆ. ದಕ್ಷಿಣ ಭಾರತದ ಮಳೆಹೊಂಡಗಳಲ್ಲಿಯೂ ಇದರ ನೆಂಟರಾದ ಸ್ಟ್ರೆಪ್ಟೊಸೆಫಾಲಸ್ ಕುಲದ ಜೀವಿಗಳಿವೆ. ಮಾತು ಮುಗಿದ ಮೇಲೆ ತಟ್ಟೆಯನ್ನು ನಿಧಾನವಾಗಿ ವಾಲಿಸಿ ನೀರನ್ನು ಕೆರೆಗೆ ಸೇರಿಸಿದರು. ಒಂದು ಮಗುವಿನ ಕೈಗೆ ಆ ಕೆಲಸ ಕೊಟ್ಟರು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಈ ನಡಿಗೆಯ ಇನ್ನೊಂದು ಹೆಸರುವಾಸಿ ಜೀವಿ ಡೆಲ್ಟಾ ಗ್ರೀನ್ ಗ್ರೌಂಡ್ ಬೀಟಲ್ ಎಂಬ ಜೀರುಂಡೆ, ಉದ್ದ ಆರು ಮಿಲಿಮೀಟರಿನಷ್ಟು, ಬಣ್ಣ ಹೊಳೆಯುವ ಹಸಿರು. 1876ರಲ್ಲಿ ಒಮ್ಮೆ ಇದನ್ನು ವಿವರಿಸಿದ ಮೇಲೆ ಸುಮಾರು ಒಂದು ಶತಮಾನ ಯಾರ ಕಣ್ಣಿಗೂ ಬೀಳಲಿಲ್ಲ. 1974ರಲ್ಲಿ ಡೇವಿಸ್‌ನ ವಿದ್ಯಾರ್ಥಿಯೊಬ್ಬರಿಗೆ ಇಲ್ಲಿಯೇ ಮತ್ತೆ ಸಿಕ್ಕಿತು. ಸೊಲಾನೊ ಕೌಂಟಿಯ ಈ ಆಸುಪಾಸನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಇರುವುದು ಗೊತ್ತಿಲ್ಲ. ನಮಗೆ ಕಾಣಲಿಲ್ಲ. ಕಾಣದಿದ್ದಾಗ ಡೋಸೆಂಟ್ ‘ಇಲ್ಲೇ ಎಲ್ಲೋ ಇರುತ್ತದೆ’ ಎಂದು ಸಮಾಧಾನ ಮಾಡಲಿಲ್ಲ, ‘ನನಗೂ ಈ ವರ್ಷ ಕಂಡಿಲ್ಲ’ ಎಂದು ಸರಳವಾಗಿ ಹೇಳಿ ಮುಂದೆ ನಡೆದರು. ಪ್ರವಾಸಿ ಮಾರ್ಗದರ್ಶಿಗಳಲ್ಲಿ ಈ ಪ್ರಾಮಾಣಿಕತೆ ಅಪರೂಪ. ಹುಲಿ ನಿನ್ನೆ ಇದೇ ತಿರುವಿನಲ್ಲಿತ್ತು ಎಂಬ ಸಫಾರಿ ಜೀಪಿನ ಮಾತನ್ನು ಕೇಳಿ ಬೆಳೆದ ನನಗೆ ಅದು ಬಹಳ ಹಿಡಿಸಿತು.

ಎರಡನೆಯ ಬಾರಿ ಹೋಗಿದ್ದು ಏಪ್ರಿಲ್ ಕೊನೆಗೆ. ಅದೇ ದಾರಿ, ಬೇರೆ ಊರು ಎನ್ನಿಸುವಷ್ಟು ಬದಲಾವಣೆ. ಸಣ್ಣ ಹೊಂಡಗಳ ನೀರು ಆರುತ್ತಾ ಬಂದಂತೆ ಪ್ರತಿಯೊಂದು ಮಟ್ಟಕ್ಕೂ ಒಂದೊಂದು ಹೂವು ಬರುತ್ತದೆ. ಅಂಚಿನ ಹಳದಿ ಆಗಲೇ ಬಾಡಿತ್ತು, ಅದರೊಳಗೆ ಪಾಪ್‌ಕಾರ್ನ್ ಫ್ಲವರ್ ಎಂಬ ಬಿಳಿಯ ಸುತ್ತು ತೆಳುವಾಗಿ ಉಳಿದಿತ್ತು, ನಡುವಿನ ತಗ್ಗಿನಲ್ಲಿ ಡೌನಿಂಜಿಯಾ ಎಂಬ ನೀಲಿ ಹೂವು ತುಂಬಿಕೊಂಡಿತ್ತು. ಬಳೆಯೊಳಗೆ ಬಳೆ ಇಟ್ಟಂತೆ ಕಾಣುವ ಈ ಸುತ್ತುಗಳನ್ನು ನೋಡಲೆಂದೇ ಕ್ಯಾಮೆರಾ ಹಿಡಿದವರು ಬರುತ್ತಾರೆ. ಈ ಸಲದ ಡೋಸೆಂಟ್ ಒಬ್ಬ ಯುವಕ, ಬಾಯಿಮಾತು ಸ್ವಲ್ಪ ಕಡಿಮೆ. ಆದರೆ ಆತ ಒಂದು ಉಪಾಯ ಮಾಡಿದರು. ಅಂಚಿನಿಂದ ನಡುವಿನವರೆಗೆ ಎಷ್ಟು ಎತ್ತರದ ವ್ಯತ್ಯಾಸವಿರಬಹುದೆಂದು ಎಲ್ಲರಿಂದಲೂ ಊಹೆ ಹೇಳಿಸಿದರು. ಒಬ್ಬರು ಮೊಳಕಾಲೆತ್ತರ ಎಂದರು, ನಾನು ಒಂದು ಅಡಿ ಎಂದೆ. ದಾರಿಯ ಪಕ್ಕದ ಸಣ್ಣ ಹೊಂಡದ ಅಂಚಿಗೆ ಒಂದು ಅಳತೆಪಟ್ಟಿ ಹಿಡಿದು ತೋರಿಸಿದಾಗ ಅದು ಅಂಗೈಯಗಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾಲ್ಕು ಬೆರಳಿನ ಏರುಪೇರಿಗೆ ಮೂರು ಬಣ್ಣ. ಟ್ರ್ಯಾಕ್ಟರು ಒಮ್ಮೆ ಉತ್ತು ಮಟ್ಟ ಮಾಡಿದರೆ ಏನಾಗುತ್ತದೆ ಎಂಬುದನ್ನು ಆತ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕುರಿಗಳ ಬಗ್ಗೆ ಎದ್ದ ಚರ್ಚೆ ಎರಡೂ ನಡಿಗೆಗಳಲ್ಲಿ ಅತ್ಯಂತ ರುಚಿಕರವಾಗಿತ್ತು. ಸಂರಕ್ಷಿತ ಪ್ರದೇಶದಲ್ಲಿ ಕುರಿ ಮೇಯಿಸುವುದೇ ಎಂದು ಬೇ ಏರಿಯಾದಿಂದ ಬಂದ ಒಬ್ಬರು ಸಿಟ್ಟಾಗಿಯೇ ಕೇಳಿದರು. ಯೂರೋಪಿನಿಂದ ಬಂದ ವಾರ್ಷಿಕ ಹುಲ್ಲುಗಳು ಈ ಬಯಲನ್ನು ಆವರಿಸಿಕೊಂಡಿವೆ, ಅವು ಎತ್ತರಕ್ಕೆ ಬೆಳೆದು, ಒಣಗಿ, ಹಾಸಿಗೆಯಂತೆ ಬಿದ್ದು ಸಣ್ಣ ಹೂಗಿಡಗಳ ಉಸಿರು ಕಟ್ಟಿಸುತ್ತವೆ, ಜೊತೆಗೆ ಹೊಂಡದ ನೀರನ್ನೂ ಹೀರುತ್ತವೆ ಎಂದು ಉತ್ತರ ಬಂತು. ಸ್ಯಾಕ್ರಮೆಂಟೊ ಕೌಂಟಿಯ ಮಳೆಹೊಂಡಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದನಗಳ ಮೇಯುವಿಕೆಯನ್ನು ನಿಲ್ಲಿಸಿದ ಕಡೆ ಮೂರು ವರ್ಷಗಳಲ್ಲಿ ನೀರು ನಿಲ್ಲುವ ಅವಧಿ ಶೇಕಡ 50ರಿಂದ 80ರಷ್ಟು ಕುಗ್ಗಿತ್ತು. ಹಿಂದೆ ಎಲ್ಕ್, ಪ್ರಾಂಗ್‌ಹಾರ್ನ್‌ನಂತಹ ಕಾಡುಪ್ರಾಣಿಗಳು ಮೇದು ಮಾಡುತ್ತಿದ್ದ ಕೆಲಸವನ್ನು ಈಗ ಕುರಿ, ದನಗಳಿಂದ ಅಳತೆಯಲ್ಲಿ ಮಾಡಿಸುತ್ತಾರೆ. ಮುಟ್ಟದೆ ಬಿಡುವುದೇ ರಕ್ಷಣೆ ಎಂಬ ನನ್ನ ನಂಬಿಕೆಗೂ ಅಲ್ಲಿ ಪೆಟ್ಟು ಬಿತ್ತು. ಸಿಟ್ಟಾಗಿ ಕೇಳಿದವರು ಕೊನೆಯವರೆಗೂ ಪೂರ್ತಿ ಒಪ್ಪಲಿಲ್ಲ, ಡೋಸೆಂಟ್ ಅವರನ್ನು ಒಪ್ಪಿಸಲು ಹಟ ಹಿಡಿಯಲೂ ಇಲ್ಲ.

ಕೆರೆಯಂಗಳದ ಅಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬಿದ್ದ ಒಂದು ಬಳ್ಳಿಯನ್ನು ತೋರಿಸಿ, ಇದು ಲಿಪಿಯಾ, ಇಲ್ಲಿ ನಮಗೆ ದೊಡ್ಡ ತಲೆನೋವಾಗಿರುವ ಕಳೆ ಎಂದು ಯುವಕ ಹೇಳಿದಾಗ, ಅಮ್ಮ ಬಗ್ಗಿ ನೋಡಿ, ‘ಇದು ನಮ್ಮ ಗದ್ದೆಯ ಹುಣಿಯಲ್ಲಿ ಉಂಟಲ್ಲಾ, ನೆಲಹಿಪ್ಪಲಿ!’ ಎಂದರು. ಹೌದು, ಅದೇ ಗಿಡ. ಊರಿನಲ್ಲಿ ಮದ್ದಿನ ಸೊಪ್ಪು, ಇಲ್ಲಿ ಕಿತ್ತೆಸೆಯುವ ಕಳೆ. ಯುವಕ ಕಿಸೆಯಿಂದ ಪುಸ್ತಕ ತೆಗೆದು ‘ನೆಲಹಿಪ್ಪಲಿ’ ಎಂಬ ಪದವನ್ನು ನನ್ನಿಂದ ಮೂರು ಬಾರಿ ಹೇಳಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡರು. ಕಲಿಸಲು ಬಂದವರು ಬರೆದುಕೊಳ್ಳುವುದನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ಅಮ್ಮನಿಗೆ ಈ ಜಾಗ ಅಷ್ಟು ಬೇಗ ಒಗ್ಗಿದ್ದಕ್ಕೆ ಕಾರಣವಿದೆ. ನಮ್ಮ ಊರು ಮೂಡುಬಿದಿರೆಯ ಕಡೆ. ಅಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಎತ್ತರದ ಬಯಲನ್ನು ಪದವು ಎನ್ನುತ್ತಾರೆ. ಮಳೆಗಾಲದಲ್ಲಿ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ತುಳುವರ ಆಟಿ ತಿಂಗಳು ಕಳೆದು ಸೋಣ ಬರುವ ಹೊತ್ತಿಗೆ, ಅಂದರೆ ಆಗಸ್ಟ್ ನಡುವಿಗೆ, ಗುಂಡುಸೂಜಿಯ ತಲೆಯಂತಹ ಬಿಳಿ ಹೂಗಳ ಎರಿಯೋಕಾಲನ್, ಹುಳುಗಳನ್ನು ಹಿಡಿದು ತಿನ್ನುವ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ ಆ ಬಯಲನ್ನೆಲ್ಲ ಮುಚ್ಚುತ್ತವೆ. ಜನವರಿಯಲ್ಲಿ ಹೋದರೆ ಕಲ್ಲು, ಒಣಹುಲ್ಲು, ಬಿಸಿಲು. ಇಲ್ಲಿ ಚಳಿಗಾಲದ ಮಳೆ, ಅಲ್ಲಿ ಜೂನಿನ ಮಳೆ. ಇಲ್ಲಿ ಜೇಡಿಯ ತಳ, ಅಲ್ಲಿ ಮುರಕಲ್ಲಿನ ತಳ. ಜೀವಿಗಳು ಬೇರೆ, ಬದುಕುವ ಲೆಕ್ಕಾಚಾರ ಒಂದೇ. ಬಾಲ್ಯವೆಲ್ಲ ಅಲ್ಲಿ ದನ ಅಟ್ಟಿಕೊಂಡು ಓಡಾಡಿದ ನನಗೆ ಆ ಹೂಗಳ ಹೆಸರನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಊರಿನ ನೆಲವನ್ನು ಅರ್ಥಮಾಡಿಕೊಳ್ಳಲು ಸೊಲಾನೊ ಕೌಂಟಿಯ ನಿವೃತ್ತ ಶಿಕ್ಷಕಿಯೊಬ್ಬರು ಬೇಕಾಯಿತು ಎನ್ನುವುದು ನನಗೆ ಸ್ವಲ್ಪ ನಾಚಿಕೆಯ ಸಂಗತಿಯೇ.

ಈಗ ನನ್ನ ಮುಖ್ಯ ಆಕ್ಷೇಪ. ಆಕ್ಷೇಪ ಎನ್ನುವುದಕ್ಕಿಂತ ಬೇಡಿಕೆ ಎನ್ನುವುದು ಸರಿ, ಮತ್ತು ಇದು ಈ ಒಂದು ತಾಣಕ್ಕಲ್ಲ, ಇಂತಹ ನಡಿಗೆ ನಡೆಸುವ ಎಲ್ಲರಿಗೂ ಅನ್ವಯಿಸುತ್ತದೆ. ಈ ನಡಿಗೆಗಳು ಹೂವಿನೊಂದಿಗೆ ಆರಂಭವಾಗಿ ಹೂವಿನೊಂದಿಗೆ ಮುಗಿಯುತ್ತವೆ. ಮೇ ತಿಂಗಳು ಕಳೆದ ಮೇಲೆ ಕಲಿಸುವವರು ಇರುವುದಿಲ್ಲ. ಆದರೆ ಈ ಕೆರೆಯ ಅತ್ಯಂತ ಅಪರೂಪದ ಗಿಡಗಳಿಗೆ ಬೇಸಿಗೆಯೇ ಬೆಳೆಯುವ ಕಾಲ. ಕೊಲೂಸಾ ಗ್ರಾಸ್ ಎಂಬ ಹುಲ್ಲು ನೀರಿನಡಿಯಲ್ಲಿ ಮೊಳೆತು, ನೀರು ಆರಿದ ಮೇಲೆ ಬಿರುಕು ಬಿಟ್ಟ ಕೆರೆಯಂಗಳದಲ್ಲಿ ಸುಡುಬಿಸಿಲಿಗೆ ಮೈಯೊಡ್ಡಿ, ಅಂಟಂಟಾದ ರಸ ಸುರಿಸುತ್ತಾ, ಸಣ್ಣ ಜೋಳದ ತೆನೆಯಂತಹ ತೆನೆ ಬಿಡುತ್ತದೆ. ಅದರ ಸಂಬಂಧಿಯಾದ ಸೊಲಾನೊ ಗ್ರಾಸ್ ಓಲ್ಕಾಟ್ ಲೇಕಿನಲ್ಲಿ 1993ರ ನಂತರ ಕಂಡಿಲ್ಲ. ಹುಲಿಬಣ್ಣದ ಚುಕ್ಕೆಯ ಸಾಲಮಾಂಡರ್ ಎಂಬ ಹಲ್ಲಿಯಾಕಾರದ ಉಭಯಚರ ಕೂಡ ಬೇಸಿಗೆಯಿಡೀ ಹೆಗ್ಗಣದಂತಹ ಗೋಫರ್‌ಗಳ, ನೆಲ ಅಳಿಲುಗಳ ಬಿಲಗಳಲ್ಲಿ ಅಡಗಿ ಕಾಯುತ್ತದೆ, ಮಳೆಯ ರಾತ್ರಿ ಬಂದರೆ ಮಾತ್ರ ಹೊಂಡಕ್ಕೆ ಹೊರಡುತ್ತದೆ. ಅರ್ಧ ವರ್ಷದ ಕಥೆ ಹೇಳಿ ಉಳಿದರ್ಧವನ್ನು ಬಾಯಿಮಾತಿಗೆ ಬಿಟ್ಟಂತಾಗಿದೆ.

ಇದು ಬರೀ ಪಾಠದ ಕೊರತೆಯಲ್ಲ. ಮಳೆಹೊಂಡ ಹಾಳಾಗುವುದು ತುಂಬಿದಾಗಲ್ಲ, ಒಣಗಿದಾಗ. ಹೂವಿನ ಬಳೆಗಳ ನಡುವೆ ನಿಂತು ಇಲ್ಲಿ ಗೋದಾಮು ಕಟ್ಟೋಣ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಜುಲೈಯಲ್ಲಿ ನಿಂತವನಿಗೆ ಕಾಣುವುದು ಪಾಳು ನೆಲ, ಅಷ್ಟೇ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಯಾಕೆಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಂತೆ, ಹೊಳೆ, ಸರೋವರಗಳಿಗೆ ಮೇಲ್ಮೈಯಲ್ಲಿ ನಿರಂತರ ಸಂಪರ್ಕವಿಲ್ಲದ ಜೌಗುಗಳಿಗೆ ಕೇಂದ್ರದ ಶುದ್ಧ ನೀರಿನ ಕಾಯಿದೆಯ ರಕ್ಷಣೆ ಇಲ್ಲ. ತಮ್ಮಷ್ಟಕ್ಕೆ ತಾವೇ ತುಂಬಿ ತಾವೇ ಒಣಗುವ ಹೊಂಡಗಳ ಪೈಕಿ ಬಹಳಷ್ಟು ಇದರಿಂದ ಹೊರಗುಳಿಯುತ್ತವೆ, ರಾಜ್ಯದ ಕಾನೂನು ಮತ್ತು ಅಳಿವಿನಂಚಿನ ಜೀವಿಗಳ ಕಾಯಿದೆಯ ಆಸರೆಯಷ್ಟೇ ಅವುಗಳಿಗೆ ಉಳಿದಿದೆ. ನಮ್ಮ ಪದವುಗಳ ಸ್ಥಿತಿಯೂ ಭಿನ್ನವಲ್ಲ: ಬೇಸಿಗೆಯಲ್ಲಿ ಸರ್ವೆಗೆ ಬಂದವರ ಕಣ್ಣಿಗೆ ಅವು ಬಂಜರು, ಕೆಂಪುಕಲ್ಲಿನ ಕೋರೆಗೋ ಕಾರ್ಖಾನೆಗೋ ಹೇಳಿ ಮಾಡಿಸಿದ ಜಾಗ. ಆದ್ದರಿಂದ ಒಣಗಿದ ಹೊಂಡವನ್ನು ತೋರಿಸಿ, ಇದು ಸತ್ತಿಲ್ಲ ಎಂದು ಹೇಳಿಕೊಡುವ ಒಂದೆರಡು ನಡಿಗೆಗಳನ್ನು ಬೇಸಿಗೆಯ ಬೆಳಗಿನ ಆರೂವರೆಗೆ ಇಟ್ಟರೆ, ಹತ್ತೇ ಜನ ಬಂದರೂ ಅದಕ್ಕೆ ವಸಂತದ ಹತ್ತು ನಡಿಗೆಗಳ ತೂಕವಿರುತ್ತದೆ ಎಂಬುದು ನನ್ನ ಎಣಿಕೆ. ಇದನ್ನು ಆ ಶಿಕ್ಷಕಿಯ ಬಳಿ ಹೇಳಿದೆ. ಬಿಸಿಲು, ಬೆಂಕಿಯ ಅಪಾಯ, ಸ್ವಯಂಸೇವಕರ ವಯಸ್ಸು ಎಂಬ ಮೂರು ತೊಡಕುಗಳನ್ನು ಅವರು ಎಣಿಸಿದರು. ಮೂರೂ ನ್ಯಾಯವಾದವೇ.

ಹಾಗಾಗಿ ಜುಲೈಯ ಒಂದು ಬೆಳಿಗ್ಗೆ ನಾವೇ ಹೋದೆವು. ಓಲ್ಕಾಟ್ ಲೇಕಿನ ಅಂಚಿನ ಕಾಲುದಾರಿಯಲ್ಲಿ ಮಾರ್ಗದರ್ಶಿಯಿಲ್ಲದೆ ನಡೆಯಲು ಅವಕಾಶವಿದೆ, ಉಳಿದ ಭಾಗಕ್ಕೆ ಡೋಸೆಂಟ್ ಜೊತೆಗಿರಬೇಕು. ಮಾರ್ಚಿನಲ್ಲಿ ಅಲೆ ಬಡಿಯುತ್ತಿದ್ದ ಕಡೆ ನೆಲ ಹಪ್ಪಳದಂತೆ ಸೀಳಿ, ಒಂದೊಂದು ಹೆಂಟೆಯ ನಡುವೆ ಬೆರಳು ತೂರುವಷ್ಟು ಬಿರುಕು. ಕಾಲುದಾರಿ ಬಿಟ್ಟು ಇಳಿಯಲಿಲ್ಲ. ಕಳೆದ ವರ್ಷ ‘ಅಲ್ಲಿ ಏನೂ ಇರಲಿಲ್ಲ’ ಎಂದಿದ್ದ ಮಗಳು, ಈ ಬಿರುಕಿನೊಳಗೆ ಎಷ್ಟು ಮೊಟ್ಟೆಗಳಿರಬಹುದು ಎಂದು ಅಜ್ಜಿಯೊಂದಿಗೆ ವಾದಕ್ಕಿಳಿದಳು. ಅಜ್ಜಿಯ ಲೆಕ್ಕ ಲಕ್ಷಕ್ಕೆ ನಿಂತಿತು, ಮೊಮ್ಮಗಳದು ಕೋಟಿಗೆ.

ಹೋಗುವವರಿಗೆ ಕೆಲವು ಮಾತು. ನಡಿಗೆ ಮಾರ್ಚ್‌ನಿಂದ ಮೇ ಮೊದಲ ಭಾಗದವರೆಗೆ, ಆ ವರ್ಷದ ಮಳೆ ನೋಡಿಕೊಂಡು ನಡೆಯುತ್ತದೆ. ಈಜುವ ಜೀವಿಗಳನ್ನು ನೋಡಬೇಕೆಂದರೆ ಮಾರ್ಚ್, ಹೂವಿನ ಸುತ್ತುಗಳನ್ನು ನೋಡಬೇಕೆಂದರೆ ಏಪ್ರಿಲ್. ಒಂದೇ ಬಾರಿಗೆ ಎರಡೂ ಸಿಗುತ್ತವೆಂದು ನೆಚ್ಚಿಕೊಳ್ಳಬೇಡಿ. ಬಯಲಿನಲ್ಲಿ ನೆರಳಿಲ್ಲ, ಸ್ಯಾಕ್ರಮೆಂಟೊ ನದಿಯ ಡೆಲ್ಟಾ ಕಡೆಯ ಗಾಳಿ ಬಲವಾಗಿ ಬೀಸುತ್ತದೆ. ಹಿರಿಯರಿಗೆ ಕಿವಿ ಮುಚ್ಚುವ ಟೋಪಿ, ಒಂದು ಸ್ವೆಟರ್, ಸೀರೆಯುಟ್ಟವರಿಗೆ ಸೆರಗು ಸಿಕ್ಕಿಸಲು ಪಿನ್ನು ಬೇಕು. ಊರಿನ ಚಪ್ಪಲಿ ಬೇಡ, ಹಳೆಯ ಶೂ ಇರಲಿ. ಕುಡಿಯುವ ನೀರು, ಬುತ್ತಿ ಮನೆಯಿಂದಲೇ ತನ್ನಿ. ನಾವು ಒಯ್ದಿದ್ದ ಚಿತ್ರಾನ್ನ ನೀಲಗಿರಿ ತೋಪಿನ ನೆರಳಿನಲ್ಲಿ ಮುಗಿಯಿತು. ಟ್ರಾವಿಸ್ ವಾಯುನೆಲೆಯ ದೈತ್ಯ ವಿಮಾನಗಳು ತಲೆಯ ಮೇಲೆಯೇ ಹಾದುಹೋಗುವಾಗ ಮಾರ್ಗದರ್ಶಿಯ ಮಾತು ಅರ್ಧ ನಿಮಿಷ ಕೇಳುವುದಿಲ್ಲ, ಅವರು ಸುಮ್ಮನೆ ನಿಂತು ಕಾಯುತ್ತಾರೆ. ಐದು ವರ್ಷಕ್ಕಿಂತ ಕಡಿಮೆಯ ಮಕ್ಕಳಿಗೆ ಎರಡು ಗಂಟೆ ಹೆಚ್ಚಾಯಿತು, ನಮ್ಮ ಗುಂಪಿನ ಒಂದು ಮಗು ಕೊನೆಯ ಅರ್ಧ ಗಂಟೆ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿತ್ತು. ದೊಡ್ಡ ನೋಟಗಳನ್ನು ಬಯಸುವವರಿಗೆ, ಒಂದು ಗಂಟೆಯಲ್ಲಿ ಮೂರು ತಾಣ ಮುಗಿಸಬೇಕೆನ್ನುವವರಿಗೆ ಈ ನಡಿಗೆ ಹೇಳಿಮಾಡಿಸಿದ್ದಲ್ಲ. ಉಳಿದವರಿಗೆ, ಅದರಲ್ಲೂ ಗದ್ದೆ, ಕೆರೆ, ಪದವು ನೋಡಿ ಬೆಳೆದ ಹಿರಿಯರಿರುವ ಮನೆಯವರಿಗೆ, ನಾನು ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧವನ್ನು ಬೇಸಿಗೆಯ ನಡಿಗೆಗಾಗಿ ಕಾದಿರಿಸಿದ್ದೇನೆ.

ಅಮ್ಮ ಆಗಸ್ಟ್ ಮೊದಲ ವಾರ ಊರಿಗೆ ಮರಳಿದರು. ಸೋಣ ಸಂಕ್ರಮಣ ಕಳೆದ ಮೇಲೆ ಒಂದು ದಿನ ವೀಡಿಯೊ ಕರೆ ಬಂತು. ಅಡುಗೆಮನೆಯ ಬಿಳಿಯ ಪಿಂಗಾಣಿ ತಟ್ಟೆ ಹಿಡಿದು ಪದವಿನ ಕಡೆಗೆ ಹೋಗಿದ್ದರಂತೆ. ತಟ್ಟೆಯನ್ನು ಫೋನಿನ ಮುಂದೆ ಹಿಡಿದು, ‘ನೋಡು ಮಗಾ, ಇವತ್ತು ಸಿಕ್ಕಿದ್ದು ಗೊದಮೊಟ್ಟೆ ಮಾತ್ರ. ನಾಳೆ ಆಚೆ ಬದಿಯ ಹೊಂಡ ನೋಡುತ್ತೇನೆ’ ಎಂದರು.